ವಯಸ್ಸು ಅಂತ ಬರೆಯಬೇಡಿ

ಜನವರಿ 8, ಸೋಮವಾರ

ಮೊದಲ ದಿನ ಮುಗಿಯಿತು. ಇನ್ನು ಎಂಟು ವಾರ.

ಆರೈಕೆ ಮನೆಯ ಬಾಗಿಲಲ್ಲೇ ನಿಂತಿದ್ದಳು ಹಿಲ್ಡೆಗುನ್. ನಮಗೆ ಕೆಲಸ ಕಲಿಸಿ, ಅಂಕ ಕೊಡುವ ನರ್ಸ್. ಮೂವತ್ತಮೂರು ಇರಬೇಕು. ನನ್ನ ಸಹಪಾಠಿ ವೋರಿನ್‌ಳ ಕೈ ಕುಲುಕಿ, ಆಮೇಲೆ ನನ್ನ ಕಡೆ ತಿರುಗಿ, "ಅಮ್ಮನ್ನ ನೋಡೋಕೆ ಬಂದ್ರಾ? ಹನ್ನೊಂದು ಗಂಟೆ ಮೇಲೆ ಬಿಡೋದು" ಎಂದಳು.

"ನಾನೂ ವಿದ್ಯಾರ್ಥಿನೇ" ಎಂದೆ.

ಅವಳ ಕಿವಿ ಕೆಂಪಾಯಿತು. ವೋರಿನ್ ನಗು ತಡೆಯಲಾರದೆ ಕೆಮ್ಮಿದಳು. ಅವಳಿಗೆ ಇಪ್ಪತ್ತೊಂದು, ನನಗೆ ಐವತ್ತೊಂದು. ನಗಲಿ ಬಿಡು.

ಇಪ್ಪತ್ತೇಳು ವರ್ಷ ಈ ಸ್ಟೂರ್‌ವಿಕ್ ಊರಿನ ಮೀನಿನ ಕಾರ್ಖಾನೆಯಲ್ಲಿ ಕಾಡ್ ಮೀನಿನ ಬೆನ್ನೆಲುಬು ತೆಗೆದವಳು ನಾನು. ಅದು ಮುಚ್ಚಿದಾಗ ಉದ್ಯೋಗ ಕಚೇರಿಯವನು "ನಿಮ್ಮ ವಯಸ್ಸಿಗೆ ಏನಾದ್ರೂ ಹಗುರವಾಗಿರೋದು..." ಎಂದು ಶುರು ಮಾಡಿದ್ದ. ಅವನು ಮಾತು ಮುಗಿಸುವ ಮೊದಲೇ ನರ್ಸಿಂಗ್ ಕಾಲೇಜಿನ ಅರ್ಜಿ ಕೇಳಿದೆ. ಸಿಟ್ಟಿಗೆ ಕೇಳಿದ್ದು. ಸಿಟ್ಟಿನಿಂದ ಶುರುವಾದದ್ದೆಲ್ಲ ಕೆಡಲೇಬೇಕು ಎಂದೇನಿಲ್ಲ.

ಏಳನೇ ಕೋಣೆಯಲ್ಲಿ ಹಿಲ್ಮಾರ್ ಇದ್ದಾನೆ. ನಲವತ್ತು ವರ್ಷ ಈ ದಂಡೆಯ ಮನೆಮನೆಗೂ ಅಂಚೆ ಹಂಚಿದವನು, ಈಗ ಎಂಬತ್ತಾರು. ಕ್ರಿಸ್ಮಸ್ಸಿನಲ್ಲಿ ಜ್ವರ, ವಾಂತಿ ಬಂದು ಸೊರಗಿಹೋದನಂತೆ. ಮೂರು ವಾರ ಇಲ್ಲಿದ್ದು ಚೇತರಿಸಿಕೊಂಡು ಮನೆಗೆ ಹೋಗುವುದೆಂದು ಮಾತಾಗಿದೆ. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದ.

"ಗುಡ್ಡದ ಮೇಲಿನ ಸಿಗ್ರುನ್ ಅಲ್ವಾ? ನಿಮ್ಮ ನಾಯಿ ನಂಗೆ ಎರಡು ಸಲ ಕಚ್ಚಿದೆ."

"ಒಂದೇ ಸಲ."

"ಎರಡನೇ ಸಲ ನೀನು ಮನೇಲಿರ್ಲಿಲ್ಲ ಬಿಡು."

ತಲೆ ಚುರುಕಾಗಿದೆ.

ಜನವರಿ 11, ಗುರುವಾರ

ಕೈ ಕೆಲಸ ಬರುತ್ತದೆ, ಕಂಪ್ಯೂಟರು ಬರುವುದಿಲ್ಲ. ಒಬ್ಬ ಮುದುಕಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ನಗಿಸಿ ಹೊರಬಂದೆ. ಅದನ್ನು ಬರೆಯಲು ನಲವತ್ತು ನಿಮಿಷ ಬೇಕಾಯಿತು. ಹಿಲ್ಡೆಗುನ್ ಹಿಂದೆ ನಿಂತು ಗಡಿಯಾರ ನೋಡುತ್ತಿದ್ದಳು. ನೋಡಲಿ.

ಮೂರನೇ ಕೋಣೆಯ ಮುದುಕ ಮಧ್ಯಾಹ್ನ ತೀರಿಕೊಂಡ. ವೋರಿನ್ ಬಟ್ಟೆ ಇಡುವ ಕೋಣೆಯೊಳಗೆ ನಿಂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. "ಮುಖ ತೊಳ್ಕೊಂಡು ಬಾ, ಊಟ ಹಂಚ್ಬೇಕು" ಎಂದೆ. ಈಗಿನ ಮಕ್ಕಳು ಗಾಜಿನ ಬಟ್ಟಲುಗಳು.

ಬಸ್ಸಿನಲ್ಲಿ ನಿದ್ದೆಹೋಗಿ ಎರಡು ನಿಲ್ದಾಣ ಮುಂದೆ ಇಳಿದೆ. ಗುಡ್ಡ ಹತ್ತುವಾಗ ಬೇಲಿ ಹಿಡಿದು ಮೂರು ಕಡೆ ನಿಂತೆ. ಮನೆಗೆ ಬಂದು ಒಂದು ಬಟ್ಟಲು ಮಂಜುಗಡ್ಡೆ ಅಗಿದ ಮೇಲೆ ಸಮಾಧಾನ. ಇತ್ತೀಚೆಗೆ ಅದೊಂದೇ ರುಚಿಸುತ್ತದೆ. ಗಂಡ ಓಡ್‌ಗೇರ್ ಮೀನಿನ ದೋಣಿಯಿಂದ ಫೋನ್ ಮಾಡಿದ್ದ. "ಏನೇ ಅದು ಕಟಕಟ ಸದ್ದು? ಕುದುರೆ ಕಟ್ಕೊಂಡಿದೀಯಾ?" ಎಂದು ಕೇಳಿದ. ಗಂಡಂದಿರು ದೂರವಿದ್ದಾಗಲೇ ತಮಾಷೆಯ ಮನುಷ್ಯರು.

ಜನವರಿ 17, ಬುಧವಾರ

ಪರೀಕ್ಷೆಗೆ ಮೂರು ಅಧ್ಯಾಯ: ಯೌವನ, ನಡುವಯಸ್ಸು, ವೃದ್ಧಾಪ್ಯ. ಪ್ರತಿ ವಯಸ್ಸಿನಲ್ಲಿ ಮೈ ಹೇಗೆ ಬದಲಾಗುತ್ತದೆ, ಮನಸ್ಸು ಏನು ಬಯಸುತ್ತದೆ, ನರ್ಸ್ ಏನನ್ನು ಗಮನಿಸಬೇಕು ಎಂಬ ಪಾಠಗಳು. ಯೌವನಕ್ಕೆ ನಲವತ್ತು ಪುಟ, ವೃದ್ಧಾಪ್ಯಕ್ಕೆ ಅರವತ್ತು, ನನ್ನ ವಯಸ್ಸಿಗೆ ಹನ್ನೊಂದು. ಅದರಲ್ಲೂ ಒಂದು ಪುಟ ಪೂರ್ತಿ ಚಿತ್ರ: ಒಬ್ಬ ಹೆಂಗಸು ಕಿಟಕಿಯಾಚೆ ನೋಡುತ್ತಿದ್ದಾಳೆ. ಪಾತ್ರೆ ಯಾರು ತೊಳೆಯುತ್ತಾರೋ.

ಊಟದ ಹೊತ್ತಿನಲ್ಲಿ ವೋರಿನ್ ಪುಸ್ತಕದಿಂದ ಗಟ್ಟಿಯಾಗಿ ಓದುತ್ತಿದ್ದಳು. "ಇಳಿವಯಸ್ಸಿನಲ್ಲಿ ವ್ಯಕ್ತಿ ತನ್ನ ಬದುಕನ್ನು ಹಿಂತಿರುಗಿ ನೋಡಿ ಒಪ್ಪಿಕೊಳ್ಳುತ್ತಾನೆ." ಪಕ್ಕದ ಮೇಜಿನಲ್ಲಿದ್ದ ಹಿಲ್ಮಾರ್ ಕೇಳಿಸಿಕೊಂಡ.

"ಯಾರೇ ಅದು ಒಪ್ಕೊಂಡೋನು? ನಾನಂತೂ ಒಪ್ಕೊಂಡಿಲ್ಲ."

"ಮತ್ತೆ ನೀವೇನು ಮಾಡ್ತಿದೀರಿ?" ವೋರಿನ್ ಕೇಳಿದಳು.

"ತಕರಾರು."

ಮೂವರೂ ನಕ್ಕೆವು. ಆದರೆ ಅವನ ತಟ್ಟೆ ತುಂಬಿಯೇ ಇತ್ತು. ಮೀನಿನ ಸೂಪು ವಾಸನೆ ಎಂದು ದೂರ ತಳ್ಳಿದ.

ಈ ಸಲ ಹನ್ನೆರಡು ದಿನವಾಯಿತು, ನಿಂತಿಲ್ಲ. ಹಾಸಿಗೆ ಬಟ್ಟೆ ಮತ್ತೆ ಒಗೆದೆ. ಮುಟ್ಟು ಪೂರ್ತಿ ನಿಲ್ಲುವ ಮುಂಚೆ ಹೀಗಾಗುತ್ತದೆ, ಅಕ್ಕನಿಗೂ ಆಗಿತ್ತು. ವಯಸ್ಸು.

ಜನವರಿ 23, ಮಂಗಳವಾರ

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಹೇಗಾದರೂ ಇರಲಿ.

ಹಿಲ್ಮಾರ್ ನಾಲ್ಕು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಇವತ್ತು ಬೆಳಗ್ಗೆ ನನ್ನನ್ನು ತನ್ನ ತಂಗಿಯ ಹೆಸರಿನಿಂದ ಕರೆದ. ಆಮೇಲೆ ಕಿಟಕಿಯ ಕಡೆ ಕೈ ತೋರಿಸಿ, "ಹಿಮಕ್ಕೆ ಯಾರು ಹಳದಿ ಬಣ್ಣ ಬಳಿದಿದ್ದು?" ಎಂದು ಗಾಬರಿಯಿಂದ ಕೇಳಿದ. ನಾನು ನೋಡಿದೆ. ಹಿಮ ಬೆಳ್ಳಗೇ ಇತ್ತು.

ಹಿಲ್ಡೆಗುನ್‌ಗೆ ಹೇಳಿದೆ. ಅವಳು ಔಷಧಿ ಗಾಡಿ ತಳ್ಳುತ್ತಲೇ, "ಎಂಬತ್ತಾರು ಆಯ್ತಲ್ಲ ಸಿಗ್ರುನ್. ವಯಸ್ಸು. ಹೊಸ ಜಾಗಕ್ಕೆ ಬಂದ್ರೆ ಹೀಗೇ ಶುರುವಾಗತ್ತೆ" ಎಂದಳು.

"ಎರಡು ವಾರದ ಹಿಂದೆ ನಮ್ಮ ನಾಯಿ ಎಷ್ಟು ಸಲ ಕಚ್ಚಿತ್ತು ಅಂತ ನೆನಪಿಟ್ಕೊಂಡಿದ್ದ ಮನುಷ್ಯ ಅವನು. ಎರಡು ವಾರದಲ್ಲಿ ಯಾರಿಗೂ ವಯಸ್ಸಾಗಲ್ಲ."

"ನಾನು ಬರೆದಿಟ್ಟಿದೀನಿ."

"ಏನಂತ?"

"ವಯಸ್ಸಿಗೆ ಸಂಬಂಧಿಸಿದ ಗೊಂದಲ ಅಂತ."

"ಹಾಗೆ ಬರೀಬೇಡಿ!"

ಪಡಸಾಲೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಓಸ್ಲೋದಲ್ಲಿರುವ ಅವನ ತಮ್ಮನ ಮಗಳು ಫೋನ್ ಮಾಡಿ, ಶಾಶ್ವತವಾಗಿ ಇಲ್ಲೇ ಕೋಣೆ ಕೊಡಿ ಎಂದು ಕೇಳಿದ್ದಾಳಂತೆ. ಫೆಬ್ರವರಿ ಒಂದಕ್ಕೆ ಸಭೆ ಸೇರಿ ತೀರ್ಮಾನ ಮಾಡುತ್ತಾರೆ. ಒಂದು ಸಹಿ ಬಿದ್ದರೆ ಅವನು ಮತ್ತೆ ತನ್ನ ಅಡುಗೆಮನೆಯನ್ನು ನೋಡುವುದಿಲ್ಲ.

ಜನವರಿ 24

ಹಿಲ್ಮಾರ್ ಇವತ್ತು ಎದ್ದು ಕೂರಲಿಲ್ಲ. ನನಗೂ ಏಳಲು ಮನಸ್ಸಿರಲಿಲ್ಲ. ಎದ್ದೆ.

ಜನವರಿ 26, ಶುಕ್ರವಾರ

ಅರ್ಧಾವಧಿಯ ಸಭೆ. ಕಾಲೇಜಿನಿಂದ ನಮ್ಮ ಉಪಾಧ್ಯಾಯಿನಿ ಅಸ್ಲೇಗ್ ಬಂದಿದ್ದಳು. ಮೇಜಿನ ಆಚೆ ಅವಳು ಮತ್ತು ಹಿಲ್ಡೆಗುನ್, ಈಚೆ ನಾನೊಬ್ಬಳು. ಕೈಗೊಂದು ಕಾಗದ ಬಂತು: "ಅನುತ್ತೀರ್ಣವಾಗುವ ಅಪಾಯದ ಸೂಚನೆ." ದಾಖಲಿಸುವುದು ನಿಧಾನ, ಮೇಲಿನವರ ತೀರ್ಮಾನ ಪ್ರಶ್ನಿಸುತ್ತಾರೆ, ಸಹಪಾಠಿಯ ಸಹಾಯ ಕೇಳುವುದಿಲ್ಲ.

ಅಸ್ಲೇಗ್ ಮೆತ್ತಗಿನ ದನಿಯಲ್ಲಿ, "ಮುಖ ತುಂಬ ಬಿಳಿಚಿಕೊಂಡಿದೆ ಸಿಗ್ರುನ್. ನಿಮಗೆ ಇದು ಭಾರ ಆಗ್ತಿದೆಯೇನೋ. ಈ ವಯಸ್ಸಲ್ಲಿ ಮತ್ತೆ ಮೊದಲಿಂದ ಅಂದ್ರೆ..." ಎಂದಳು.

"ಇದು ಮುಖದ ಪರೀಕ್ಷೆನಾ?" ಎಂದು ಕೇಳಿದೆ.

ಕೇಳಬಾರದಿತ್ತು. ಕೇಳಿದೆ. ಕಾಗದಕ್ಕೆ ಸಹಿ ಹಾಕಿ, "ಒಪ್ಪಿಲ್ಲ, ಓದಿದ್ದೇನೆ ಅಷ್ಟೇ" ಎಂದು ಅದರ ಪಕ್ಕದಲ್ಲಿ ಬರೆದೆ. ಅಂಥ ವಾಕ್ಯ ಬರೆಯಲು ಜಾಗ ಇರಲಿಲ್ಲ, ಅಂಚಿನಲ್ಲಿ ಬರೆದೆ.

ಐದು ವಾರ ಉಳಿದಿದೆ. ಇವರು ನನ್ನನ್ನು ಹೊತ್ತುಕೊಂಡು ಹೊರಗೆ ಹಾಕಬೇಕು, ನಾನಾಗಿ ಹೋಗುವುದಿಲ್ಲ.

ಜನವರಿ 28, ಭಾನುವಾರ

ವೋರಿನ್‌ಗೆ ಫೋನ್ ಮಾಡಿದೆ. ಕಾಗದದಲ್ಲಿ ಬರೆದಿದ್ದಾರೆಂದಲ್ಲ. ಔಷಧಿಗಳ ಪುಸ್ತಕ ನನಗೆ ಕಬ್ಬಿಣದ ಕಡಲೆ, ಅವಳಿಗೆ ಅದು ಬಾಯಿಪಾಠ.

ಬಂದಳು. ವೇಫಲ್ ಮಾಡಿ ಕಂದು ಚೀಸ್ ಇಟ್ಟೆ. ಅವಳು ನಾಲ್ಕು ತಿಂದಳು, ನಾನು ಐಸ್ ಅಗಿಯುತ್ತ ಕೂತೆ. ಹಿಲ್ಮಾರ್‌ಗೆ ಕೊಡುವ ಗುಳಿಗೆಗಳು ನಮಗೆ ಗೊತ್ತಿದ್ದವು, ಒಂದೊಂದನ್ನೇ ತೆಗೆದು ಓದಿದೆವು. ಆರನೆಯದು ಹೃದಯದ ಗುಳಿಗೆ. ಎಂಟು ವರ್ಷದಿಂದ ಅದನ್ನೇ ನುಂಗುತ್ತಿದ್ದಾನೆ.

ವೋರಿನ್‌ಳ ಬೆರಳು ಪುಟದ ಮೇಲೆ ನಿಂತಿತು. "ಸಿಗ್ರುನ್... ಇಲ್ಲಿ ನೋಡಿ. ರಕ್ತದಲ್ಲಿ ಜಾಸ್ತಿ ಆದ್ರೆ ಹಸಿವಿರಲ್ಲ, ವಾಂತಿ, ಗೊಂದಲ, ನಾಡಿ ನಿಧಾನ. ಮತ್ತೆ..."

"ಮತ್ತೆ ಏನು? ಓದೇ!"

"ಕಣ್ಣಿಗೆ ಎಲ್ಲ ಹಳದಿ ಕಾಣಿಸತ್ತೆ."

ಹಿಲ್ಮಾರ್‌ನ ಹಳದಿ ಹಿಮ. ಆಮೇಲೆ ವೃದ್ಧಾಪ್ಯದ ಆ ಅರವತ್ತು ಪುಟ ತೆಗೆದೆವು. ಮೂತ್ರಪಿಂಡ ವಯಸ್ಸಾದಂತೆ ನಿಧಾನವಾಗುತ್ತದೆ, ಮೈಯಲ್ಲಿ ನೀರು ಕಡಿಮೆಯಾದರೆ ಇನ್ನೂ ನಿಧಾನ, ಔಷಧಿ ಹೊರಗೆ ಹೋಗದೆ ಒಳಗೇ ಸೇರುತ್ತ ಹೋಗುತ್ತದೆ. ಕ್ರಿಸ್ಮಸ್ಸಿನ ವಾಂತಿ. ಆಮೇಲೆ ನೀರೂ ಸರಿಯಾಗಿ ಕುಡಿದಿಲ್ಲ. ಗುಳಿಗೆ ಮಾತ್ರ ಅಷ್ಟೇ ಕೊಡುತ್ತಿದ್ದೇವೆ, ದಿನಾ, ನಮ್ಮ ಕೈಯಾರೆ.

ಕೂಡಲೇ ಫೋನ್ ಮಾಡಿದೆ. ವಾರಾಂತ್ಯದ ಬದಲಿ ಸಿಬ್ಬಂದಿ ಎತ್ತಿಕೊಂಡಳು. "ವಿದ್ಯಾರ್ಥಿ ಹೇಳಿದ್ರೆ ಗುಳಿಗೆ ನಿಲ್ಸೋಕೆ ಬರಲ್ಲ. ನಾಳೆ ಹಿಲ್ಡೆಗುನ್‌ಗೆ ಹೇಳಿ" ಎಂದು ಇಟ್ಟುಬಿಟ್ಟಳು.

ವೋರಿನ್ ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತು ನನ್ನ ಕೈಯ ಬಟ್ಟಲನ್ನೇ ನೋಡಿದಳು.

ಜನವರಿ 29, ಸೋಮವಾರ

ನಡೆದದ್ದನ್ನು ನಡೆದಂತೆ ಬರೆದಿಡುತ್ತೇನೆ. ಮುಂದೆ ಯಾರಾದರೂ ಕೇಳಬಹುದು.

ಏಳೂವರೆಗೆ ಹಿಲ್ಮಾರ್‌ನ ನಾಡಿ ಎಣಿಸಿದೆ. ಪೂರ್ತಿ ಒಂದು ನಿಮಿಷ. ನಲವತ್ತೆರಡು. ವೋರಿನ್ ಎಣಿಸಿದಳು, ನಲವತ್ತೊಂದು. ಹಿಲ್ಡೆಗುನ್ ಬಳಿ ಪುಸ್ತಕ ಸಮೇತ ಹೋದೆವು. ಅವಳು ಆ ಬೆಳಗ್ಗೆ ಇಪ್ಪತ್ತನಾಲ್ಕು ಜನಕ್ಕೆ ಒಬ್ಬಳೇ ನರ್ಸ್, ಇನ್ನೊಬ್ಬಳು ರಜೆ ಹಾಕಿದ್ದಳು. ಪುಸ್ತಕ ನೋಡಿದಳು, ಗುಳಿಗೆ ತಡೆಹಿಡಿದಳು. ಅಷ್ಟರಮಟ್ಟಿಗೆ ಒಳ್ಳೆಯದು.

"ಗುರುವಾರ ಡಾಕ್ಟರ್ ಬರ್ತಾರೆ, ತೋರಿಸೋಣ" ಎಂದಳು.

"ಗುರುವಾರ ಸಭೆ ಇದೆ. ಅಲ್ಲಿವರೆಗೆ ಅವನು ಇರಬೇಕಲ್ಲ?"

"ಸಿಗ್ರುನ್, ನಿಮ್ಮ ಮೇಲೆ ಈಗಾಗ್ಲೇ ಒಂದು ಸೂಚನೆ ಇದೆ."

"ಎರಡು ಆಗ್ಲಿ."

ಪಡಸಾಲೆಯ ಗೋಡೆಯ ಫೋನಿನಿಂದ ತುರ್ತು ಸಂಖ್ಯೆಗೆ ನಾನೇ ಮಾಡಿದೆ. ಹೆಸರು ಹೇಳಿದೆ, ವಿದ್ಯಾರ್ಥಿ ಎಂದೂ ಹೇಳಿದೆ. ನಾಡಿ, ಗುಳಿಗೆಯ ಹೆಸರು, ಹಳದಿ ಹಿಮ, ಎಲ್ಲ ಹೇಳಿದೆ. ಆ ಕಡೆಯ ಡಾಕ್ಟರ್ ನಗಲಿಲ್ಲ. ಎರಡು ಪ್ರಶ್ನೆ ಕೇಳಿ, "ಆಂಬುಲೆನ್ಸ್ ಕಳಿಸ್ತಿದೀನಿ" ಎಂದಳು.

ಹಿಲ್ಡೆಗುನ್ ಹೋಗಿ ಹಿಲ್ಮಾರ್‌ನ ಸ್ವೆಟರ್ ತಂದು, ತಾನೇ ಅವನಿಗೆ ತೊಡಿಸಿದಳು.

ಮನೆಗೆ ಬಂದು ಕೋಟು ಬಿಚ್ಚದೆ ಒಲೆಯ ಮುಂದೆ ಕೂತೆ. ಚಳಿ. ಇತ್ತೀಚೆಗೆ ಯಾವಾಗಲೂ ಚಳಿ.

ಫೆಬ್ರವರಿ 1, ಗುರುವಾರ

ಆಸ್ಪತ್ರೆಯಿಂದ ಸುದ್ದಿ ಬಂತು. ಹಿಲ್ಮಾರ್‌ನ ರಕ್ತದಲ್ಲಿ ಆ ಔಷಧಿ ಇರಬೇಕಾದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚಿತ್ತು. ಮದ್ದು ಕೊಟ್ಟಿದ್ದಾರೆ. ನಿನ್ನೆ ಸಂಜೆ ಎದ್ದು ಕೂತು, ಇಲ್ಲಿನ ಕಾಫಿ ಪಾತ್ರೆ ತೊಳೆದ ನೀರಿನಂತಿದೆ ಎಂದನಂತೆ. ಸಭೆ ಮುಂದಕ್ಕೆ ಹೋಗಿದೆ.

ಸಂತೋಷಪಡಬೇಕಾದ ದಿನ. ವೋರಿನ್ ಕೆಡಿಸಿದಳು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಬಾಗಿಲು ಹಾಕಿ ಅದಕ್ಕೇ ಒರಗಿ ನಿಂತಳು. "ನಿಮಗೆ ಎಷ್ಟು ದಿನದಿಂದ ರಕ್ತ ಹೋಗ್ತಿದೆ?"

"ಏನು ಪ್ರಶ್ನೆ ಇದು?"

"ಕಸದ ಡಬ್ಬಿ ನಾನೂ ಖಾಲಿ ಮಾಡ್ತೀನಿ. ಎಷ್ಟು ದಿನ?"

"ವಯಸ್ಸು ಕಣೇ. ನಿಂಗೂ ಬರತ್ತೆ, ಆಗ ಗೊತ್ತಾಗತ್ತೆ."

"ಹಿಲ್ಮಾರ್‌ದೂ ವಯಸ್ಸೇ ಆಗಿತ್ತು, ಅಲ್ವಾ?"

ನನಗೆ ಎಲ್ಲಿಂದ ಬಂತೋ ಸಿಟ್ಟು. "ತುಟಿ ಮೇಲಿನ ಹಾಲು ಆರಿಲ್ಲ, ನಂಗೆ ಪಾಠ ಹೇಳ್ತೀಯಾ? ಹೆಣ ನೋಡಿ ಅತ್ತೋಳು ನೀನು" ಎಂದುಬಿಟ್ಟೆ.

ಅವಳು ಅಳಲಿಲ್ಲ. "ಹೌದು, ಅತ್ತೆ. ಆಮೇಲೆ ಎರಡು ವಾರ ನಿದ್ದೆ ಬರ್ಲಿಲ್ಲ, ಹೋಗಿ ಡಾಕ್ಟರ್ ಹತ್ರ ಹೇಳ್ಕೊಂಡು ಬಂದೆ. ನೀವು ಏನು ಮಾಡಿದ್ರಿ? ಐಸ್ ತಿಂದ್ರಿ. ಕಬ್ಬಿಣದ ಅಂಶ ಇಲ್ದೇ ಇರೋರು ಐಸ್ ತಿಂತಾರೆ. ಪುಸ್ತಕದಲ್ಲಿದೆ. ನಿಮ್ಮ ಅಧ್ಯಾಯದಲ್ಲೇ ಇದೆ, ಆ ಹನ್ನೊಂದು ಪುಟದಲ್ಲಿ."

ಹೋದಳು. ಬಾಗಿಲನ್ನು ಮೆತ್ತಗೆ ಹಾಕಿದಳು, ಅದೇ ಕೆಟ್ಟದಾಗಿತ್ತು.

ಫೆಬ್ರವರಿ 2

ವೋರಿನ್ ಮಾತಾಡಲಿಲ್ಲ. ನಾನೂ ಇಲ್ಲ. ಆ ಹನ್ನೊಂದು ಪುಟ ತೆಗೆದು ನೋಡಿದೆ. ಎಂಟನೆಯ ಪುಟದಲ್ಲಿ ಇದೆ. ಸಣ್ಣ ಅಕ್ಷರದಲ್ಲಿ.

ಫೆಬ್ರವರಿ 5, ಸೋಮವಾರ. ಆಸ್ಪತ್ರೆ.

ವೋರಿನ್‌ಳ ಮಾತು ಸುಳ್ಳೆಂದು ತೋರಿಸಲೇಬೇಕು ಎಂದುಕೊಂಡು ಬೆಳಗ್ಗೆ ಬೇಗ ಆರೈಕೆ ಮನೆಗೆ ಹೋದೆ. ಔಷಧಿ ಕೋಣೆಯಲ್ಲಿ ಬೆರಳು ಚುಚ್ಚಿ ರಕ್ತದ ಹಿಮೋಗ್ಲೋಬಿನ್ ಅಳೆಯುವ ಪುಟ್ಟ ಯಂತ್ರವಿದೆ. ವೋರಿನ್‌ಳನ್ನು ಕರೆದು, "ನಿಂತ್ಕೊಂಡು ನೋಡು" ಎಂದೆ. ಚುಚ್ಚಿದೆ. ಹನ್ನೆರಡು ಇರಬೇಕಾದ ಕಡೆ 5.9 ಬಂತು.

"ಯಂತ್ರ ಕೆಟ್ಟಿದೆ" ಎಂದೆ. ಅವಳು ತನ್ನ ಬೆರಳು ಚುಚ್ಚಿಕೊಂಡಳು. 13.1. ನಾನು ಇನ್ನೊಂದು ಬೆರಳು ಚುಚ್ಚಿದೆ. 5.8.

"ಮೂರನೇದೂ ಚುಚ್ತೀರಾ?" ಎಂದು ಕೇಳಿದಳು.

"ಬೇಡ, ಇಳೀತಾ ಹೋಗ್ತಿದೆ" ಎಂದೆ. ಅವಳಿಗೆ ನಗು ಬಂತು, ಅಳುವೂ ಬಂತು. ಎರಡನ್ನೂ ಒಟ್ಟಿಗೇ ಮಾಡಿದಳು.

ಹಿಲ್ಡೆಗುನ್ ಒಳಗೆ ಬಂದು ಯಂತ್ರದ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಮಧ್ಯಾಹ್ನದ ಮೇಲೆ ಆಸ್ಪತ್ರೆಗೆ ಹೋಗ್ತೀನಿ, ಐದನೇ ಕೋಣೆ ಸ್ನಾನ ಇದೆ" ಎಂದೆ.

"ಸಿಗ್ರುನ್, ಕೋಟ್ ಹಾಕ್ಕೊಳ್ಳಿ."

ಅವಳೇ ಕಾರು ಓಡಿಸಿದಳು, ಬದಲಿಗೆ ಬಂದವಳಿಗೆ ಎಲ್ಲ ಒಪ್ಪಿಸಿ. ಕೊಲ್ಲಿಯ ಸುತ್ತ ಒಂದು ಗಂಟೆ ದಾರಿ. ಅರ್ಧ ದಾರಿಯಲ್ಲಿ ಹೇಳಿದಳು: "ಹಿಲ್ಮಾರ್ ಬಗ್ಗೆ 'ವಯಸ್ಸು' ಅಂತ ನಾಲ್ಕು ಸಲ ಬರೆದಿದೀನಿ. ತಿರುಗಿ ಓದ್ದೆ. ನಿಮ್ಮನ್ನ ನೋಡ್ದಾಗ್ಲೂ ಅದನ್ನೇ ಅಂದ್ಕೊಂಡಿದ್ದೆ, ಬರೀಲಿಲ್ಲ ಅಷ್ಟೇ."

"ನಾನೂ ಅದನ್ನೇ ಅಂದ್ಕೊಂಡಿದ್ದೆ" ಎಂದೆ.

ಅವಳಿಗೆ ಇಬ್ಬರು ಸಣ್ಣ ಮಕ್ಕಳು, ಚಿಕ್ಕದಕ್ಕೆ ಕಿವಿನೋವು. ಎರಡು ವರ್ಷದಿಂದ ಪೂರ್ತಿ ನಿದ್ದೆ ಮಾಡಿಲ್ಲವಂತೆ. ನಾಲ್ಕು ವಾರ ಜೊತೆಗಿದ್ದೂ ಇದು ನನಗೆ ಗೊತ್ತಿರಲಿಲ್ಲ.

ಈಗ ತಲೆಯ ಮೇಲೆ ಯಾರದೋ ರಕ್ತ ತೂಗಾಡುತ್ತಿದೆ, ಹನಿಹನಿಯಾಗಿ ಇಳಿಯುತ್ತಿದೆ. ಕೊಟ್ಟವರ ಹೆಸರು ಹೇಳುವುದಿಲ್ಲವಂತೆ.

ಫೆಬ್ರವರಿ 7, ಬುಧವಾರ

ಗರ್ಭಕೋಶದಲ್ಲಿ ಗಡ್ಡೆಗಳು. ಕೆಟ್ಟವಲ್ಲ, ಆದರೆ ಮುಷ್ಟಿಯಷ್ಟು. ಏಪ್ರಿಲ್‌ನಲ್ಲಿ ತೆಗೆಯುತ್ತಾರೆ. ಎರಡು ವರ್ಷದಿಂದ ಇದ್ದಿರಬೇಕು ಎಂದ ಡಾಕ್ಟರ್. "ಇಷ್ಟರಲ್ಲಿ ಕೆಲಸ ಹೇಗೆ ಮಾಡ್ತಿದ್ರಿ?" ಎಂದು ಕೇಳಿದ. "ನಿಧಾನವಾಗಿ. ಅದಕ್ಕೇ ಒಂದು ಸೂಚನಾಪತ್ರ ಕೊಟ್ಟಿದಾರೆ" ಎಂದೆ.

ಬೆಳಗ್ಗೆ ಮುಖ ತೊಳೆಸಲು ಒಬ್ಬಳು ವಿದ್ಯಾರ್ಥಿನಿ ಬಂದಳು. ನೀರು ತಣ್ಣಗಿತ್ತು. ಮೊದಲು ಕಣ್ಣು ಒರೆಸಬೇಕು, ಅವಳು ಕುತ್ತಿಗೆಯಿಂದ ಶುರು ಮಾಡಿದಳು. ಬಾಯಿ ತೆರೆದೆ. ಅವಳು ತುಟಿಯಲ್ಲೇ ಪಾಠದ ಕ್ರಮ ಹೇಳಿಕೊಳ್ಳುತ್ತಿದ್ದಳು. ಬಾಯಿ ಮುಚ್ಚಿ ಮುಖವನ್ನು ಮುಂದೆ ಚಾಚಿದೆ.

ಓಡ್‌ಗೇರ್ ದೋಣಿ ಬಿಟ್ಟು ಬಂದಿದ್ದಾನೆ. ತಮಾಷೆ ಮಾಡಲಿಲ್ಲ. ಹಾಸಿಗೆಯ ಪಕ್ಕ ಕೂತು ನನ್ನ ಕಾಲುಚೀಲ ಸರಿಮಾಡುತ್ತಲೇ ಇದ್ದ.

ಫೆಬ್ರವರಿ 16, ಶುಕ್ರವಾರ

ಮನೆ. ಅಸ್ಲೇಗ್ ಫೋನ್ ಮಾಡಿದಳು. ಗೈರುಹಾಜರಿ ಮಿತಿ ಮೀರಿದೆ, ಈ ಅವಧಿ ಲೆಕ್ಕಕ್ಕಿಲ್ಲ. ಹಿಲ್ಡೆಗುನ್ ಆ ಸೂಚನೆಯನ್ನು ತಾನಾಗಿ ಹಿಂತೆಗೆದುಕೊಂಡಿದ್ದಾಳೆ, ಆದರೂ ನಿಯಮ ನಿಯಮವೇ. ಆಗಸ್ಟ್‌ನಲ್ಲಿ ಹೊಸ ತಂಡದ ಜೊತೆ ಮತ್ತೆ ಮಾಡಬೇಕು. ವೋರಿನ್ ಮುಂದೆ ಹೋಗುತ್ತಾಳೆ.

"ಗೌರವದಿಂದ ನಿಲ್ಲಿಸೋಕೂ ಒಂದು ದಾರಿ ಇದೆ, ಸಿಗ್ರುನ್. ಯಾರೂ ತಪ್ಪು ತಿಳಿಯಲ್ಲ" ಎಂದಳು. ಕೆಟ್ಟವಳಲ್ಲ ಅವಳು.

"ನಾನು ತಿಳೀತೀನಿ" ಎಂದೆ.

ವೋರಿನ್ ಸಂಜೆ ಬಂದಳು. ಕಬ್ಬಿಣದ ಗುಳಿಗೆಯನ್ನು ಹಾಲಿನ ಜೊತೆ ನುಂಗುತ್ತಿದ್ದೆನೆಂದು ಬೈದಳು. ಹಾಲು ಬೇಡ, ಕಿತ್ತಳೆ ರಸ ಸರಿ. ಬೈಸಿಕೊಂಡೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಆಡಿದ ಮಾತಿಗೆ ಕ್ಷಮೆ ಕೇಳಿದೆ. ಮೂರನೇ ಕೋಣೆಯ ಮುದುಕನ ಬಗ್ಗೆ ಹೇಳು ಎಂದೆ. ತುಂಬ ಹೊತ್ತು ಹೇಳಿದಳು.

ಮಾರ್ಚ್ 6, ಮಂಗಳವಾರ

ಹಿಲ್ಮಾರ್ ಇವತ್ತು ತನ್ನ ಮನೆಗೆ ಹೋದ. ಸಭೆಯಲ್ಲಿ ತಮ್ಮನ ಮಗಳು ಫೋನಿನಲ್ಲಿ ಅತ್ತಳಂತೆ, ಹೆದರಿ ಹಾಗೆ ಕೇಳಿದ್ದೆ ಎಂದು. ಅವನು "ಅಳ್ಬೇಡ್ವೇ, ಬೇಸಿಗೇಲಿ ಬಾ, ಮೀನು ಹಿಡಿಯೋಣ" ಎಂದನಂತೆ. ದಿನಕ್ಕೆ ಎರಡು ಸಲ ಮನೆಗೆ ನರ್ಸ್ ಬರುತ್ತಾರೆ, ಗುಳಿಗೆಯ ಪ್ರಮಾಣ ಅರ್ಧವಾಗಿದೆ.

ನಾನು ಸಹಾಯಕ್ಕೆಂದು ಹೋದೆ. ಭಾರ ಎತ್ತಬಾರದು ಎಂದು ನನಗೆ ಡಾಕ್ಟರ್ ಹೇಳಿದ್ದಾರೆ, ಅವನಿಗೂ ಹೇಳಿದ್ದಾರೆ. ಹಾಗಾಗಿ ಅವನ ಚೀಲವನ್ನು ಇಬ್ಬರೂ ಒಂದೊಂದು ಕಿವಿ ಹಿಡಿದು ಒಳಗೆ ತಂದೆವು. ಮನೆ ಮೂಗು ಮರಗಟ್ಟುವಷ್ಟು ತಣ್ಣಗಿತ್ತು. ಒಲೆ ಹಚ್ಚಲು ಬಗ್ಗಿದೆ.

"ಬಿಡೇ ಅದನ್ನ. ನೀನು ರೋಗಿ, ನಾನು ಗುಣ ಆದೋನು. ಕೂತ್ಕೋ."

ಕೂತೆ. ಅವನು ಒಲೆ ಹಚ್ಚಲು ಹನ್ನೊಂದು ಕಡ್ಡಿ ಗೀರಿದ. ನಾನು ಕೂತಲ್ಲೇ ಎಣಿಸಿದೆ. ಕಾಫಿ ಮಾಡಿದ, ಅರ್ಧ ತಟ್ಟೆಗೆ ಚೆಲ್ಲಿ ತಂದ. ಆ ತಟ್ಟೆಯದನ್ನೂ ಕುಡಿದೆ.

ಆಗಸ್ಟಿನ ವಿಷಯ ಹೇಳಿದೆ. ಬೆರಳು ಮಡಿಚಿ ಎಣಿಸಿದ. "ನೀನು ನರ್ಸ್ ಆಗೋ ಹೊತ್ತಿಗೆ ನಂಗೆ ಎಂಬತ್ತೊಂಬತ್ತು."

"ನನಗೆ ಐವತ್ನಾಲ್ಕು."

"ಚಿಕ್ಕೋಳು" ಎಂದ. ಇನ್ನೊಂದು ಲೋಟ ಕಾಫಿ ಸುರಿದ.

ಸಂಜೆ ಮನೆಗೆ ಬಂದು ಕಾಲೇಜಿನ ಅರ್ಜಿ ತುಂಬಿದೆ. ಕಂಪ್ಯೂಟರಿನಲ್ಲಿ ನಾನೇ, ಒಂಬತ್ತು ನಿಮಿಷದಲ್ಲಿ. ಮತ್ತೆ ಸೇರುತ್ತೀರಾ? ಹೌದು. ಕೊನೆಯಲ್ಲಿ ಒಂದು ಚೌಕ ಇತ್ತು: ಆರೋಗ್ಯದ ಕಾರಣಕ್ಕೆ ವಿಶೇಷ ಅನುಕೂಲ ಏನಾದರೂ ಬೇಕೇ? ಹೋದ ವರ್ಷ ಅಲ್ಲಿ "ಇಲ್ಲ" ಎಂದು ಒತ್ತಿದ್ದು ನೆನಪಿದೆ.

ಈ ಸಲ ಬರೆದೆ: "ಸುಸ್ತಾದಾಗ ಕೂರುತ್ತೇನೆ. ಯಾಕೆಂದು ಕೇಳಿ. ಕೇಳದೆ ಕಾರಣ ಬರೆಯಬೇಡಿ."

ಕಳಿಸಿದೆ.